ಮಗುಚಿದ ದೋಣಿಯ ಬಿಲ್ಲೆ

ಗಂಗೊಳ್ಳಿ ತೇಲುಬಂದರು,
ಕಡಲು ಏರಿದ ಮೇಲಿನ 212ನೆಯ ವರ್ಷ, ಆಸಾಡಿ ತಿಂಗಳ 47ನೆಯ ದಿನ

ಇನ್ನೂ ಹುಟ್ಟದ ನನ್ನ ಮರಿಮಕ್ಕಳಿಗೆ,

ತಾರೀಕು ಕಂಡು ನಗಬೇಡಿ. ಮಳೆ ಬಿಡುವವರೆಗೆ ನಾವು ಆಸಾಡಿಯನ್ನು ಮುಗಿಸುವುದಿಲ್ಲ. ನಿಮ್ಮ ಕಾಲಕ್ಕೆ ನನ್ನ ಮಾತುಗಳಿಗೂ ತುಕ್ಕು ಹಿಡಿದಿರಬಹುದು, ಕ್ಷಮಿಸಿ. ತೇಲುಬಂದರು ಎಂದರೆ ಕಡಲು ನುಂಗಿದ ಊರಿನ ಮೇಲೆಯೇ ಪೀಪಾಯಿಗಳನ್ನು ಬಿಗಿದು ಕಟ್ಟಿಕೊಂಡ ನಮ್ಮ ಬಂದರು. ಇಲ್ಲಿ ಹಿತ್ತಲೆಂದರೆ ಬುಟ್ಟಿಯಲ್ಲಿ ಬೆಳೆದ ಬಸಳೆ. ಒಳಗೆ ಬರುವ ಪ್ರತಿ ಹಡಗಿಗೂ ಗುರುತಿಗೆಂದು ಒಂದು ಲೋಹದ ಬಿಲ್ಲೆ ಕೊಡುತ್ತೇವೆ. ಅದರ ಅಚ್ಚು ಕೆತ್ತುವವಳು ನಾನು; ನನ್ನ ಹೆಸರು ಸಾಕು.

ಹೊಸ ಬಿಲ್ಲೆಗೆ ಮಾದರಿಯೆಂದು ಬಂದರಿನ ಯಜಮಾನ ಹೆರಿಯಣ್ಣ ನನಗೆ ರೋಮಿನ ಹಳೆಯ ನಾಣ್ಯವೊಂದನ್ನು ಕೊಟ್ಟರು. ನೀರೋ ಚಕ್ರವರ್ತಿ ಹೊರಡಿಸಿದ್ದು. ಅಂಗೈಯಗಲವೂ ಇಲ್ಲ, ಆದರೆ ರೋಮಿನವರ ಓಸ್ಟಿಯಾ ಬಂದರು ಇಡಿಯಾಗಿ ಅದರೊಳಗಿದೆ: ಸುತ್ತ ಕಟ್ಟೆ, ನಡುವೆ ಹಡಗುಗಳು, ಕೆಳಗೆ ಚುಕ್ಕಾಣಿ ಹಿಡಿದು ಒರಗಿದ ಮುದುಕ. ಊಟ ಮುಗಿಸಿ ಜಗಲಿಗೆ ಬಂದವನಷ್ಟು ನೆಮ್ಮದಿ ಅವನಿಗೆ. ಚರಿತ್ರೆ ಹುಡುಕಿ ಓದಿದೆ. ನಾಣ್ಯ ಬರುವ ಕೆಲವೇ ವರ್ಷ ಮುಂಚೆ, ಅದೇ ಬಂದರಿನ ಒಳಗೆ, ಬಿರುಗಾಳಿಗೆ ಸುಮಾರು ಇನ್ನೂರು ಹಡಗು ಮುಳುಗಿದ್ದವು. ನಾಣ್ಯದಲ್ಲಿ ಒಂದೂ ಮುಳುಗಿಲ್ಲ. ಜಟ್ಟಿ ಜಾರಿಬಿದ್ದರೂ ಮೀಸೆ ಮಣ್ಣಾಗಲಿಲ್ಲ! ಆಮೇಲೆ ಆ ಬಂದರೂ ಹೂಳು ತುಂಬಿ ನೆಲವಾಯಿತು.

ಹೋದ ವರ್ಷದ ಗಾಳಿಗೆ ನಮ್ಮ ಬಂದರಿನ ಒಳಗೂ ಹತ್ತೊಂಬತ್ತು ದೋಣಿ ಹೋದವು. ಒಂದರಲ್ಲಿ ನನ್ನ ಅಕ್ಕ ಮುತ್ತು ಇದ್ದಳು. ಕಟ್ಟೆಯ ಹತ್ತಿರ ಬಂದಾಯಿತೆಂದು ನನ್ನತ್ತ ಕೈಯನ್ನೂ ಬೀಸಿದ್ದಳು. ದೇಹ ಸಿಗಲಿಲ್ಲ. ಹೀಗಿರುವಾಗ ಬಿಲ್ಲೆಯಲ್ಲಿ ಎಲ್ಲ ದೋಣಿಯೂ ನೆಟ್ಟಗಿರಬೇಕೆಂದು ಹೆರಿಯಣ್ಣ ಹೇಳಿದರೆ ನನಗೆ ಸಿಟ್ಟು ಬಾರದೇ?

“ಮಗುಚಿದ್ ದೋಣಿ ಕಂಡ್ರೆ ಯಾವ್ ಹಡಗ್ ಒಳ್ಗ್ ಬತ್ತ್ ಹೆಣೆ?” ಎಂದರು. ಅವರ ಮಾತಿನಲ್ಲೂ ನ್ಯಾಯವಿತ್ತು. ಹಡಗು ಬಾರದಿದ್ದರೆ ನಮಗೆ ಅಕ್ಕಿಯಿಲ್ಲ.

ಹತ್ತು ದೋಣಿಗಳನ್ನು ಅವರು ಹೇಳಿದಂತೆ ನೆಟ್ಟಗೆ ಕೆತ್ತಿದೆ. ಹನ್ನೊಂದನೆಯದನ್ನು, ಮೂಲೆಯಲ್ಲಿ, ಬೆನ್ನು ಮೇಲಾಗಿ ಕೆತ್ತಿದೆ. ಇವತ್ತು ಬೆಳಿಗ್ಗೆ ಮೊದಲ ಬಿಲ್ಲೆಯನ್ನು ಒಪ್ಪಿಸಿದಾಗ ಹೆರಿಯಣ್ಣ ಅದರ ಮೇಲೆ ಹೆಬ್ಬೆರಳಾಡಿಸಿ, ಮೂಲೆಯ ದೋಣಿಯ ಮೇಲೆ ತಂದಿಟ್ಟರು. ಕೆಲಸ ಹೋಯಿತೆಂದೇ ಎಣಿಸಿದೆ.

“ಅಚ್ಚಿನ್ ತಪ್ಪ್ ಅಂದ್ ಬರ್ಕಂತೆ. ತಿದ್ದೂಕೆ ಪುರ್ಸೊತ್ತಿಲ್ಲ” ಎಂದು ಬಿಲ್ಲೆಯನ್ನು ಕಿಸೆಗೆ ಹಾಕಿಕೊಂಡು ನಡೆದರು.

ಹಾಗಾಗಿ ಕಡತದಲ್ಲಿ ಅಚ್ಚಿನ ತಪ್ಪು ಎಂದೇ ಇದೆ. ಎಂದಾದರೂ ಹೂಳಿನಿಂದೆದ್ದು ಈ ಬಿಲ್ಲೆ ನಿಮ್ಮ ಕೈಸೇರಿದರೆ, ಬಲ್ಲವರು ನಿಮಗೂ ಅದನ್ನೇ ಹೇಳುತ್ತಾರೆ. ಹೂಂ ಅನ್ನಿ, ಆದರೆ ನಂಬಬೇಡಿ. ಮೂಲೆಯ ಆ ದೋಣಿಯ ಮೇಲೆ ಒಮ್ಮೆ ಬೆರಳಿಡಿ. ಅದು ನಿಮ್ಮ ದೊಡ್ಡಜ್ಜಿ ಮುತ್ತು.

ಇಂತಿ,
ಸಾಕು