ಬಣ್ಣಕ್ಕೆ ಮೊದಲು ಚುಚ್ಚಿದ ಸೂಜಿ

ಇಸವಿ ೨೨೧೪, ಹದಿಮೂರನೆಯ ತಿಂಗಳ ನಾಲ್ಕನೆಯ ದಿನ. ಬೇಸಿಗೆ ಹನ್ನೆರಡು ತಿಂಗಳಲ್ಲಿ ಹಿಡಿಯದಾದಾಗ ನಾವು ಕೂಡಿಸಿಕೊಂಡ ತಿಂಗಳು ಇದು.

ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರ ರಾಜೇಸಾಬರೇ, ನಿಮ್ಮ ನಾಟಕ ಕಂಪನಿಯ ನಾಯಕಿ ರುಕ್ಮಾಬಾಯಿಯ ಆರನೆಯ ತಲೆಮಾರಿನವಳು ನಾನು. ನನ್ನ ಮಾತು ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿದರೆ ಕ್ಷಮಿಸಿ. ಅದರೊಳಗಿನ ಸಿಟ್ಟಿಗೆ ಮಾತ್ರ ಕ್ಷಮೆ ಕೇಳಲಾರೆ.

ನಮ್ಮಲ್ಲಿ ಪ್ರತಿ ಬಚ್ಚಲ ಗೋಡೆಗೂ ರಕ್ತಗನ್ನಡಿ ಇದೆ. ಹಲ್ಲುಜ್ಜುವಾಗ ಬೆರಳೊತ್ತಿದರೆ ಸಾಕು, ನೆತ್ತರಲ್ಲಿ ಯಾವ ಕ್ರಿಮಿ ಈಜುತ್ತಿದೆಯೆಂದು ಹೆಸರು ಹಿಡಿದು ಹೇಳುತ್ತದೆ. ಮಕ್ಕಳು ಅದಕ್ಕೆ ನಾಲಿಗೆ ಚಾಚಿ ಅಣಕಿಸುತ್ತಾರೆ. ಎಚ್‌ಐವಿ ಅವರಿಗೆ ಪಾಠದಲ್ಲಿ ಬರುವ ಒಂದು ಪದ. ಹಾಗೆಂದು ನಿಟ್ಟುಸಿರು ಬಿಡಬೇಡಿ, ಮಾಸ್ತರೇ. ನಿಮ್ಮ ಕಾಲದಲ್ಲೂ ಪುಕ್ಕಟೆ ಗುಳಿಗೆ ಇತ್ತು, ನೆತ್ತರು ಹಾಕಿ ಕ್ರಿಮಿ ಬೆಳೆಸಿ ನೋಡುವ ಬಾಟಲಿ ಇತ್ತು. ಇಲ್ಲದ್ದು ಬಾಯಿ ಬಿಡುವ ಧೈರ್ಯ.

ಆ ಗುಳಿಗೆಯ ಸಾಲಿನಲ್ಲಿ ನೀವೂ ರುಕ್ಮಾಬಾಯಿಯೂ ಒಬ್ಬರನ್ನೊಬ್ಬರು ಕಂಡಿರಿ. ಒಂದೇ ರೋಗ, ಇಬ್ಬರೂ ಮುಚ್ಚಿಟ್ಟಿರಿ. ಕಂಪನಿ ಊರೂರು ತಿರುಗಿತು, ಇಬ್ಬರ ಗುಳಿಗೆಯೂ ನಿಂತಿತು. ಆಕೆಯ ಮೈ ಒಣಗಿತು, ಕರುಳಿನ ಕ್ರಿಮಿ ನೆತ್ತರಿಗಿಳಿಯಿತು. ಇಳಕಲ್ ಕ್ಯಾಂಪಿನಲ್ಲಿ ಜ್ವರ ಏರಿದಾಗ ಮಾಲಕರು ಕಂಪನಿಯ ಪದ್ಧತಿಯಂತೆ ಬಣ್ಣ ಹಚ್ಚುವ ಮೊದಲು ಕಂಪೌಂಡರನಿಂದ ಸೂಜಿ ಹಾಕಿಸಿದರು. "ಬಾಯಾರ, ಜ್ವರಕ್ಕ ನಮ್ಮ ನಾಟಕದಾಗ ಪಾರ್ಟ ಇಲ್ಲ, ಏಳ್ರಿ" ಎಂದು ನಗಿಸಿದರಂತೆ. ನಾಲ್ಕು ದಿನ, ನಾಲ್ಕು ಸೂಜಿ. ಐದನೆಯ ದಿನ ದೊಡ್ಡಾಸ್ಪತ್ರೆಗೆ ಸೇರಿಸಿದರು; ಅಲ್ಲಿ ನೆತ್ತರು ಹಾಕಿದ ಬಾಟಲಿಯಲ್ಲಿ ಏನೂ ಬೆಳೆಯಲಿಲ್ಲ. ಆ ಸೂಜಿಗಳ ಅರೆಬರೆ ಔಷಧ ಕ್ರಿಮಿಯನ್ನು ಕೊಂದಿರಲಿಲ್ಲ, ಬಾಟಲಿಗೆ ಕಾಣದಂತೆ ಅಡಗಿಸಿತ್ತು. "ಬ್ಯಾರೆ ಏನರ ಬ್ಯಾನಿ ಐತೇನ್ರಿ ಇವರಿಗೆ?" ಎಂದು ಡಾಕ್ಟರು ಕೇಳಿದರು. ಮಂಚದ ಪಕ್ಕದಲ್ಲಿದ್ದ ನೀವು "ಏನಿಲ್ರಿ, ದಣಿವು" ಎಂದಿರಿ. ಪರದೆ ನಡುಗಿಸುತ್ತಿದ್ದ ಆಕೆಯ ಕಂಠ ಎರಡೇ ದಿನಕ್ಕೆ ಉಡುಗಿತು. ಕಾಲ ಬಳಿ ನಿಂತಿದ್ದ ಆಕೆಯ ಮಗಳು ಎಲ್ಲವನ್ನೂ ಬರೆದಿಟ್ಟಳು.

ಹಿಂದಿನ ಕಾಲಕ್ಕೆ ಪತ್ರ ಮುಟ್ಟಿಸುವ ನಮ್ಮ ಹಿಮ್ಮುಖ ಅಂಚೆ, ದಾಖಲಾದ ಸಾವನ್ನು ತಿದ್ದುವ ಪತ್ರವನ್ನು ಒಯ್ಯುವುದಿಲ್ಲ. ಆಕೆಗೆ ಬರೆದ ಹನ್ನೊಂದು ಪತ್ರಗಳೂ ಮರಳಿ ಬಂದವು. ನಿಮ್ಮ ಸಾವಿನ ತಾರೀಖು ಮಾತ್ರ ನಮ್ಮ ಯಾವ ಕಾಗದದಲ್ಲೂ ಇಲ್ಲ, ಅದಕ್ಕೇ ಈ ಪತ್ರ ನಿಮ್ಮನ್ನು ಮುಟ್ಟಬಹುದು. ಆಕೆಯ ದಿವಸದ ಕರ್ಮ ಮುಗಿದ ಮರುದಿನ ಪೇಟಿ ಮಾಸ್ತರಿಗೂ ಜ್ವರ ಬಂತು ಎಂಬಲ್ಲಿಗೆ ಮಗಳ ಬರಹ ನಿಲ್ಲುತ್ತದೆ. ಆ ದಿನ ನಿಮಗೆ ಇಂದು.

ಕಂಪೌಂಡರ ಬರುತ್ತಿದ್ದಾನೆ. ತೋಳು ಚಾಚಬೇಡಿ. ಈಗಲೇ ಆಸ್ಪತ್ರೆಗೆ ಹೋಗಿ. ಮೊದಲು ನೆತ್ತರು ಬಾಟಲಿಗೆ, ಕೂಡಲೇ ಔಷಧ ಮೈಗೆ. ಡಾಕ್ಟರು ಅದೇ ಪ್ರಶ್ನೆ ಕೇಳುತ್ತಾರೆ. ಆಕೆಯ ಮಂಚದ ಪಕ್ಕ ನುಂಗಿದ ಮಾತನ್ನು ನಿಮ್ಮ ಮಂಚದ ಮೇಲಾದರೂ ಆಡಿ.