ಸರೋವರದ ದಾರಿಯಲ್ಲಿ ಅಮ್ಮ

ಅಕ್ಕಾ,

ಕಣ್ಣಿನ ಆಪರೇಷನ್‌ಗೆ ಮೊದಲು ಅಮ್ಮ ಕಣ್ತುಂಬ ನೋಡಲಿ ಎಂದು ಹೆದ್ದಾರಿ ಬಿಟ್ಟು ಸರೋವರದ ದಾರಿ ಹಿಡಿದೆ. ದಡದಲ್ಲಿ ಬೈಕು ನಿಲ್ಲಿಸಿದಾಗ ಸಾವಿರಾರು ಬೆಳ್ಳಕ್ಕಿಗಳು ಒಟ್ಟಿಗೇ ಮೇಲೆದ್ದವು. ಹಿಂದೆ ಕೂತಿದ್ದ ಅಮ್ಮ ರೆಕ್ಕೆಗಳ ಸದ್ದಿಗೆ ಅಂಗೈ ಚಾಚಿ, "ಮಳೆ ಬಂತೇನೇ?" ಎಂದಳು. ಒಂದೇ ಕಣ್ಣು ಮಂಜು ಎಂದು ನಮ್ಮಿಬ್ಬರಿಗೂ ಹೇಳಿದ್ದಳಲ್ಲ.

"ಹಕ್ಕಿ ಕಣಮ್ಮ."

"ಗೊತ್ತು, ತಮಾಷೆಗೆ ಅಂದೆ" ಎಂದಳು. ಮುಖ ಮಾತ್ರ ಬೇರೆ ಕಡೆಗಿತ್ತು.

ರಾತ್ರಿಗೆ ಇಲ್ಲೇ ಲಾಡ್ಜಿನಲ್ಲಿ ಉಳಿದಿದ್ದೇವೆ. ಮಾತ್ರೆ ತಪ್ಪಿಸಿಲ್ಲ. ಅವಳು ಪಕ್ಕದಲ್ಲೇ ಇರುವುದರಿಂದ ಫೋನಿನಲ್ಲಿ ಹೇಳಲಾಗಲಿಲ್ಲ. ಈ ಕಾರ್ಡಿಗಿಂತ ಮೊದಲು ನಾವೇ ನಿನ್ನ ಮನೆ ತಲುಪಿದರೆ ಇದನ್ನು ಅವಳ ಮುಂದೆ ಓದಬೇಡ. ನಾಳೆ ಹೆದ್ದಾರಿಯಲ್ಲೇ ಬೇಗ ಬಂದುಬಿಡೋಣ ಎಂದರೆ, "ಬೇಡ ಕಣೇ, ಇದೇ ದಾರೀಲಿ ಹೋಗೋಣ. ಏನೇನಿದೆ ಅಂತ ನೀನು ಹೇಳ್ತಾ ಬಾ" ಎನ್ನುತ್ತಾಳೆ.

ನಿನ್ನ ತಂಗಿ