ರತ್ನಿಯ ರೈಡಿಗೆ ಪಿಳ್ಳಮ್ಮನ ಉಸಿರು

ದಿಣ್ಣೆಹಟ್ಟಿ ಕಾಲೋನಿ
ಫೆಬ್ರವರಿ ಮೂವತ್ತೊಂದು, ೨೧೭೪

ಪಿಳ್ಳಮ್ಮಕ್ಕನಿಗೆ,

ತಾರೀಖು ನೋಡಿ ಬರೆದವಳಿಗೆ ತಲೆ ಕೆಟ್ಟಿದೆ ಅಂದುಕೊಳ್ಳಬೇಡ. ನಮ್ಮಲ್ಲಿ ಫೆಬ್ರವರಿಗೆ ಮೂವತ್ತೊಂದು ದಿನ. ಮೇ ತಿಂಗಳ ಬಿಸಿಲಲ್ಲಿ ಯಾರೂ ಹೊರಗೆ ದುಡಿಯಲಾರರು ಅಂತ ಅಲ್ಲಿಂದ ಮೂರು ದಿನ ಕಿತ್ತು ಇಲ್ಲಿ ಜೋಡಿಸಿದರು. ಜನ ಸತ್ತರೂ ಪರವಾಗಿಲ್ಲ, ಕೆಲಸದ ದಿನ ಕಡಿಮೆಯಾಗಬಾರದಲ್ಲ. ನನ್ನ ಮಾತಿನಲ್ಲಿ ನಿನಗೆ ತಿಳಿಯದ ಪದ ಬಂದರೆ ಹೊಟ್ಟೆಗೆ ಹಾಕಿಕೋ, ಬಿಡಿಸಿ ಹೇಳುತ್ತಾ ಹೋಗುತ್ತೇನೆ. ವರಸೆ ಹಿಡಿದು ನೋಡಿದರೆ ನೀನು ನನ್ನ ಅಜ್ಜಿಯ ಅಜ್ಜಿಗೂ ಮೇಲಿನವಳು. ಆದರೆ ನಾನು ಕೇಳಿಸಿಕೊಂಡ ದನಿಯಲ್ಲಿ ನಿನಗೆ ಮೂವತ್ತೈದು ದಾಟಿದ ಹಾಗೆ ಅನ್ನಿಸಲಿಲ್ಲ. ನನಗೆ ಐವತ್ತಾಗಿದೆ. ಅಜ್ಜಿ ಅನ್ನೋಕೆ ಬಾಯಿ ಬರುತ್ತಿಲ್ಲ, ಅದಕ್ಕೇ ಅಕ್ಕ.

ನನ್ನ ಹೆಸರು ಬೈಯಮ್ಮ. ಕಾಲೋನಿಯ ಹುಡುಗಿಯರಿಗೆ ಕಬಡ್ಡಿ ಕಲಿಸುತ್ತೇನೆ. ಹೌದು, ಕಬಡ್ಡಿ ಇನ್ನೂ ಇದೆ. ನೀನು ಕಲ್ಲು ಹೊರುವ ಗುಡ್ಡ ಮಾತ್ರ ಇಲ್ಲ. ಅದನ್ನು ಪೂರ್ತಿ ಪುಡಿ ಮಾಡಿ ಮಾರಿಕೊಂಡರು, ಆಮೇಲೆ ಉಳಿದ ಗುಂಡಿಯಲ್ಲಿ ನಿಂತ ನೀರಿಗೆ ಮುಚ್ಚಳ ಹಾಕಿ ಅದನ್ನೂ ಮಾರಿಕೊಂಡರು. ಆ ಗುಂಡಿಯ ದಡದಲ್ಲೇ ನಮ್ಮ ಅಂಕಣ. ನನ್ನ ತಂಗಿಯ ಮಗಳು ಚೌಡರತ್ನ, ನಾವು ಕರೆಯೋದು ರತ್ನಿ, ಅಲ್ಲೇ ಆಡಿ ಬೆಳೆದವಳು. ಈಗ ಕಾಲೇಜಿನ ಕೊನೆಯ ವರ್ಷ. ಎದುರಾಳಿ ರೈಡಿಗೆ ಬಂದರೆ ಎಡಮೂಲೆಯಿಂದ ನೆಲಕ್ಕೆ ಬಿದ್ದು ಕಾಲ್ಗಂಟು ಹಿಡಿಯುತ್ತಾಳೆ. ಮುಂದಿನ ಸಲ ತಾನೇ ಕಬಡ್ಡಿ ಕಬಡ್ಡಿ ಅನ್ನುತ್ತಾ ಗೆರೆ ದಾಟಿ ಹೋಗಿ ಇಬ್ಬರನ್ನು ಮುಟ್ಟಿ ಒಂದೇ ಉಸಿರಲ್ಲಿ ಹಿಂದಕ್ಕೆ ಬರುತ್ತಾಳೆ. ನಾಯಕಿಗೆ ಭುಜ ಉಳುಕಿದ ದಿನ ಉಳಿದ ಆರು ಜನರನ್ನು ಕಣ್ಸನ್ನೆಯಲ್ಲೇ ಆಡಿಸಿದಳು. ನಮ್ಮ ಮನೆಯವಳು ಅಂತ ಹೊಗಳುತ್ತಿಲ್ಲ. ಇಂಥವಳನ್ನು ನನ್ನ ಜನ್ಮದಲ್ಲಿ ನಾನು ಕಂಡಿಲ್ಲ.

ನಮ್ಮಲ್ಲಿ ಸರದಿ ಅಂತ ಒಂದು ನಡೆಯುತ್ತದೆ. ದೊಡ್ಡ ಕ್ಲಬ್ಬುಗಳು ವರ್ಷಕ್ಕೊಮ್ಮೆ ಕೂತು, ಒಂದರ ನಂತರ ಒಂದು, ಕಾಲೇಜಿನ ಆಟಗಾರರನ್ನು ಆರಿಸಿಕೊಳ್ಳುತ್ತವೆ. ಒಬ್ಬರಿಗೆ ಎರಡೇ ಸರದಿ. ಎರಡರಲ್ಲೂ ಆಗಲಿಲ್ಲ ಅಂದರೆ ಆಟ ಮುಗಿಯಿತು, ನೀರಿನ ಕಂಪನಿಯ ಗೇಟಿಗೆ ಹೋಗಿ ನಿಲ್ಲಬೇಕು. ಸರದಿಗೆ ಮುಂಚೆ ಆಟಗಾರರನ್ನು ಅಳೆದು ನೋಡುವವರನ್ನು ತೂಕದವರು ಅನ್ನುತ್ತೇವೆ. ರತ್ನಿಯನ್ನು ತೂಗಿದವರಲ್ಲಿ ಹಿರಿಯ, ಅನಿಕೇತ ಸರ್. ಮೆತ್ತಗೆ ಮಾತಾಡುವ ಮನುಷ್ಯ, ಟೀ ಕೊಟ್ಟವನಿಗೂ ಥ್ಯಾಂಕ್ಸ್ ಹೇಳುತ್ತಾರೆ. ಮೂರು ದಿನ ಅವಳ ಆಟ ನೋಡಿ ನನ್ನನ್ನು ಕರೆದು, "ಎಲ್ಲಾ ಚೆನ್ನಾಗಿದೆ ಬೈಯಮ್ಮ, ಆದ್ರೆ ಇವಳು ಏನು?" ಅಂದರು. "ಏನು ಅಂದ್ರೆ?" "ರೈಡರ್ರಾ, ಹಿಡಿಯೋಳಾ? ಕ್ಲಬ್ಬಿನವರು ಒಂದು ಜಾಗಕ್ಕೆ ಜನ ಹುಡುಕ್ತಾರೆ. ಎಲ್ಲಾ ಕಡೆ ನಿಲ್ಲೋಳನ್ನ ಎಲ್ಲಿ ನಿಲ್ಲಿಸೋದು?" ನನಗೆ ನಗು ಬಂತು. "ಸರ್, ನಮ್ಮ ಹೆಂಗಸರು ಕಲ್ಲೂ ಹೊತ್ತರು, ಅಡುಗೆಯೂ ಮಾಡಿದರು, ಹೆರಿಗೆಯಾದ ವಾರಕ್ಕೆ ಮತ್ತೆ ಕಲ್ಲು ಹೊತ್ತರು. ನಿನ್ನ ಜಾಗ ಯಾವುದು ಅಂತ ಆಗ ಯಾರೂ ಕೇಳಲಿಲ್ಲ. ಚಪ್ಪಾಳೆ ಬೀಳೋ ಕಡೆ ಮಾತ್ರ ಈ ಪ್ರಶ್ನೆ ಬರುತ್ತೆ ನೋಡಿ." ಅವರೂ ನಕ್ಕರು. ಹಾಗಾದರೆ ಉಸಿರುಮನೆಯೇ ತೀರ್ಮಾನಿಸಲಿ ಅಂದರು.

ಉಸಿರುಮನೆ ಏನು ಅಂತ ನಿನಗೆ ಹೇಳಲೇಬೇಕು ಅಕ್ಕ, ಯಾಕಂದರೆ ಅದರೊಳಗೆ ನೀನಿದ್ದೀಯ. ನಿಮ್ಮ ಕಾಲದವರು ಫೋನಿನಲ್ಲಿ ಮಾತಾಡಿ ಮಾತಾಡಿ ಕಳಿಸುತ್ತಿದ್ದಿರಲ್ಲ, ಆ ದನಿಗಳೆಲ್ಲ ಎಲ್ಲೂ ಹೋಗಿಲ್ಲ. ಯಾರೋ ಕೂಡಿಟ್ಟರು, ಇನ್ಯಾರೋ ಕೊಂಡರು. ಉಸಿರುಮನೆಯ ಯಂತ್ರ ಆಟಗಾರರ ಹಿಂದಿನ ತಲೆಮಾರುಗಳ ದನಿ ಹುಡುಕಿ, ಮಾತನ್ನೆಲ್ಲ ಸೋಸಿ ಬಿಸಾಕಿ, ಮಾತಿನ ನಡುವಿನ ಉಸಿರನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಈ ವಂಶದ ಎದೆ ಎಷ್ಟು ದೂರ ಓಡೀತು ಅಂತ ಅದರಿಂದ ಹೇಳುತ್ತದೆ. ರತ್ನಿಯನ್ನು ನಡುವೆ ಕೂರಿಸಿದರು. ಕ್ಲಬ್ಬಿನವರು ಸುತ್ತ ಕೂತರು. ಮೊದಲು ನನ್ನ ತಂಗಿಯ ಉಸಿರು ಬಂತು, ಆಮೇಲೆ ನಮ್ಮಮ್ಮನದು. ಅಲ್ಲಿಂದ ಹಿಂದಕ್ಕೆ ಹೋದ ಹಾಗೆ ಗೋಡೆಗಳಿಂದ ಸಿಳ್ಳೆಯಂಥ ಸದ್ದು ಶುರುವಾಯಿತು. ತೂತು ಬಿದ್ದ ತಿದಿ ಒತ್ತಿದ ಹಾಗೆ. ನಿನ್ನ ಮೊಮ್ಮಗ. ನಿನ್ನ ಮಗಳು ಅನಿತ. ಎಲ್ಲಕ್ಕೂ ಕೊನೆಗೆ ನೀನು. ನಿನ್ನ ಹಿಂದೆ ಯಾರೂ ಇಲ್ಲ, ನಿನಗಿಂತ ಮುಂಚಿನವರ ಕೈಯಲ್ಲಿ ಫೋನಿರಲಿಲ್ಲ. ಒಂದು ಉಸಿರು ಎಳೆದುಕೊಳ್ಳುತ್ತೀಯ, ಅದು ಅರ್ಧಕ್ಕೇ ನಿಲ್ಲುತ್ತದೆ, ಮತ್ತೆ ಎಳೆಯುತ್ತೀಯ. ಅಷ್ಟು ಜನ ಟೀ ಲೋಟ ಹಿಡಿದುಕೊಂಡು ನೀನು ಒದ್ದಾಡುವುದನ್ನು ಕೇಳಿದರು. ಸತ್ತವರನ್ನೂ ದುಡಿಸಿಕೊಳ್ಳುವ ಜನ ಇವರು.

ತೀರ್ಪು ಬಂತು. ವಂಶದಲ್ಲೇ ಉಸಿರು ಗಿಡ್ಡ, ಇಪ್ಪತ್ತಾರಕ್ಕೆ ಎದೆ ಕೈಕೊಡುತ್ತದೆ, ರೈಡಿಗೆ ಬೇಡ. ನಾನು ಎದ್ದು ನಿಂತೆ. ಅದು ವಂಶವಲ್ಲ ಸರ್, ಕಲ್ಲಿನ ಧೂಳು, ಕ್ರಷರಿನಲ್ಲಿ ದುಡಿದು ಸತ್ತ ಜನ ಅವರು ಅಂದೆ. ಅನಿಕೇತ ಸರ್ ಕೈ ಜೋಡಿಸಿದರು. "ಇದರಲ್ಲಿ ಜಾತಿ ತರಬೇಡಿ ಅಮ್ಮ, ಇದು ಬರೀ ಉಸಿರಿನ ಲೆಕ್ಕ." ಜಾತಿಯ ಹೆಸರು ನಾನು ಎತ್ತಿಯೇ ಇರಲಿಲ್ಲ. ಆಟಗಾರರ ಕಡೆಯವರು ಒಂದು ಆಕ್ಷೇಪ ಎತ್ತಬಹುದು ಅಂತ ನಿಯಮ ಇದೆ. ಸೋಸಿ ಬಿಸಾಕಿದ ಮಾತನ್ನು ವಾಪಸ್ ಹಾಕಿ, ಉಸಿರು ಯಾಕೆ ಗಿಡ್ಡವಾಯಿತು ಅಂತ ಅವರೇ ಹೇಳಲಿ ಅಂತ ಕೇಳಿದೆ. ಒಪ್ಪಿದರು. ನನಗೆ ಗೆದ್ದಷ್ಟು ಧೈರ್ಯ ಬಂದಿತ್ತು.

ಆಗ ನಿನ್ನ ಮಾತು ಬಂತು. ಅನಿತ ಹಾಸ್ಟೆಲಿನಿಂದ ಅಮ್ಮ ಹೆಂಗಿದೀಯ ಅಂತ ಕೇಳಿದ್ದಾಳೆ. ನೀನು ಹೇಳುತ್ತೀಯ: "ಚೆನ್ನಾಗಿವ್ನಿ ಕಣಮ್ಮ, ನಂಗೇನಾಗದೆ, ಒಸಿ ನೆಗಡಿ ಅಷ್ಟೇ. ನೀನು ಊಟ ಮಾಡ್ದಾ? ಪರೀಕ್ಷೆಗೆ ಓದ್ಕೋ." ಇನ್ನೊಂದರಲ್ಲೂ ಅದೇ. ಬಿಟ್ಟು ಬಿಟ್ಟು ಕೆಮ್ಮುತ್ತೀಯ, ಮೂಳೆಗೆ ಮೂಳೆ ತಾಗಿದ ಸದ್ದು, ಆಮೇಲೆ, "ಚೆನ್ನಾಗಿವ್ನಿ." ಮುಂದೆ ಅನಿತ ಅದೇ ಕ್ರಷರಿಗೆ ಬಂದಳು. ಅವಳು ಮಗನಿಗೆ ಕಳಿಸಿದ ಮಾತೂ ಇದೆ: "ನಾನು ಚೆನ್ನಾಗಿದೀನಿ ಕಂದ." ಅವನು ತನ್ನ ಹೆಂಡತಿಗೆ: "ಏನಿಲ್ಲ ಬಿಡೇ, ಆರಾಮಾಗಿದೀನಿ." ಧೂಳು ಅನ್ನೋ ಪದ ಒಬ್ಬರ ಬಾಯಲ್ಲೂ ಇಲ್ಲ. ಯಂತ್ರ ಅದನ್ನೂ ಬರೆದುಕೊಂಡಿತು. ಹೊರಗಿನ ಕಾರಣ ಯಾರೂ ಹೇಳಿಲ್ಲ, ದೋಷ ಒಳಗಿನದೇ. ನೀವು ನಿಮ್ಮವರ ಮೇಲಿನ ಪ್ರೀತಿಗೆ ಆಡಿದ ಸುಳ್ಳು ನಮ್ಮ ಹುಡುಗಿಯ ಮೇಲೆ ಸಾಕ್ಷಿಯಾಗಿ ನಿಂತಿತು ಅಕ್ಕ.

ಒಂದು ಕ್ಲಬ್ಬು ಅವಳನ್ನು ಕರೆಯಿತು. ಎಡಮೂಲೆಗೆ ಮಾತ್ರ, ಜನ್ಮದಲ್ಲಿ ರೈಡಿಗೆ ಹೋಗುವ ಹಾಗಿಲ್ಲ ಅನ್ನುವ ಷರತ್ತಿನ ಮೇಲೆ. ರತ್ನಿ ನೆಟ್ಟಗೆ ಕೂತು ಕೇಳಿಸಿಕೊಂಡು, "ಮೂಲೆ ನಮಗೆ ಹೊಸದೇನಲ್ಲ ಸರ್, ಊರಾಚೆಯ ಮೂಲೆಯಲ್ಲೇ ಹುಟ್ಟಿದವರು. ಅದನ್ನ ಆಯ್ಕೆ ಅಂತ ಕರೆದು ಕೊಡಬೇಡಿ" ಅಂದು ಎದ್ದು ಬಂದಳು. ಹಾಗಾಗಿ ಇನ್ನೊಂದು ಸರದಿ ಉಳಿದಿದೆ. ಅದೇ ಕೊನೆಯದು.

ಆದರೆ ಅಂದಿನಿಂದ ಅವಳ ಆಟ ಕೆಟ್ಟಿದೆ. ಕಬಡ್ಡಿ ಕಬಡ್ಡಿ ಅನ್ನುತ್ತಾ ಬೋನಸ್ ಗೆರೆ ಮುಟ್ಟುವ ಹೊತ್ತಿಗೆ ಅರ್ಧಕ್ಕೆ ನಿಲ್ಲುತ್ತಾಳೆ. ಎದೆಗೆ ಏನೂ ಆಗಿಲ್ಲ, ಡಾಕ್ಟರು ನೋಡಿದ್ದಾರೆ. "ದೊಡ್ಡಮ್ಮ, ನನ್ನ ಉಸಿರಿನ ಕೆಳಗೆ ಇನ್ನೊಂದು ಉಸಿರು ಕೇಳ್ತದೆ. ನಾನು ನಿಲ್ಲಿಸಿದ ಮೇಲೂ ಅದು ನಡೀತಾ ಇರ್ತದೆ" ಅನ್ನುತ್ತಾಳೆ. ನಾನು ಬೈದು ನೋಡಿದೆ, ಬೆನ್ನು ಸವರಿ ನೋಡಿದೆ. ಮೊನ್ನೆ ಅಂಕಣದ ಗೆರೆ ಎಳೆಯಲು ಸುಣ್ಣದ ಪುಡಿ ಚೆಲ್ಲುತ್ತಿದ್ದೆ. ಬಿಳಿ ಧೂಳೆದ್ದಿತು. ಗುಂಡಿಯ ಮುಚ್ಚಳದ ಕೆಳಗಿಂದ ಯಾರೋ ಉಸಿರೆಳೆದುಕೊಂಡರು, ಅದು ಅರ್ಧಕ್ಕೇ ನಿಂತಿತು. ನಾನು ದೆವ್ವ ಭೂತ ನಂಬುವವಳಲ್ಲ, ಹೋರಾಟದ ಮೆರವಣಿಗೆಯಲ್ಲಿ ಕೂಗಿ ಬೆಳೆದವಳು. ಆದರೂ ಸುಣ್ಣದ ಬುಟ್ಟಿ ಅಲ್ಲೇ ಬಿಟ್ಟು ಬಂದೆ. ಆ ಗೆರೆ ಇನ್ನೂ ಅರ್ಧವೇ ಇದೆ.

ಹಿಂದಂಚೆ ಅಂತ ಒಂದು ಏರ್ಪಾಡಿದೆ, ಕಾಗದ ಹಿಂದಿನ ಕಾಲಕ್ಕೆ ಹೋಗುತ್ತದೆ. ಉಳ್ಳವರು ಅದರಲ್ಲಿ ತಮ್ಮ ಮುತ್ತಾತಂದಿರಿಗೆ ಎಲ್ಲಿ ಜಮೀನು ಹಿಡಿಯಬೇಕು ಅಂತ ಬರೆಯುತ್ತಾರೆ. ನಮ್ಮ ಕಾಲೋನಿಗೆ ತಲೆಮಾರಿಗೆ ಒಂದೇ ಕಾಗದ. ಅದನ್ನು ನಿನಗೆ ಬರೆಯುತ್ತಿದ್ದೇನೆ, ಯಾಕಂದರೆ ನಿನ್ನದೇ ಮೊದಲ ದನಿ. ನೀನು ಹೇಳಿದರೆ ನಿನ್ನ ನಂತರ ಬರುವವರಿಗೂ ಬಾಯಿ ಬಂದೀತು.

ಬಚ್ಚಿಡುವುದಿಲ್ಲ, ನಿನಗೆ ಬಂದಿರುವುದು ನೆಗಡಿಯಲ್ಲ. ಕ್ರಷರಿನ ಕೆಲಸ ಈಗಲೇ ಬಿಟ್ಟು ಬಂದರೆ ಇನ್ನಷ್ಟು ವರ್ಷ ಉಂಟು. ಬಿಡಲು ಆಗದಿದ್ದರೆ ಬಾಯನ್ನಾದರೂ ಬಿಡು. ಕಲ್ಲು ಅರೆಯುವಾಗ ಮಿಷನ್ನಿಗೆ ನೀರು ಹೊಡೆಯುವುದಿಲ್ಲ ಅಂತ ಹೇಳು. ಮೂಗಿಗೆ ಕಟ್ಟಲು ನಿನ್ನ ಹಳೇ ಸೀರೆಯ ತುಂಡು ಬಿಟ್ಟರೆ ಏನೂ ಕೊಟ್ಟಿಲ್ಲ ಅಂತ ಹೇಳು. ನಿನ್ನ ಜೊತೆ ಇನ್ನು ಯಾರ್ಯಾರು ಕೆಮ್ಮುತ್ತಾರೆ, ಕ್ರಷರು ಯಾರದು, ಹೆಸರು ಹಿಡಿದು ಹೇಳು. ಮಗಳು ಅಳುತ್ತಾಳೆ, ಅಳಲಿ. ಅತ್ತು ಸಿಟ್ಟಾಗಲಿ. ನಾವು ಚೆನ್ನಾಗಿದ್ದೇವೆ ಅನ್ನುವ ನಮ್ಮ ಮಾತೊಂದಿದ್ದರೆ ಸಾಕು ಅಕ್ಕ, ಅವರಿಗೆ ಇನ್ನೂ ಎಷ್ಟು ತಲೆಮಾರು ಬೇಕಾದರೂ ನಮ್ಮ ಎದೆ ಅರೆಯಲು ಲೈಸೆನ್ಸು ಸಿಕ್ಕಿದ ಹಾಗೆ.

ಒಂದು ಭಯ ಇದೆ. ನೀನು ನಿಜ ಹೇಳಿ, ಅನಿತ ಬಂದು ನಿನ್ನನ್ನು ಅಲ್ಲಿಂದ ಎಬ್ಬಿಸಿಕೊಂಡು ಹೋದರೆ, ಅವಳು ಬೇರೆ ಊರಿನಲ್ಲಿ ಬೇರೆಯವರನ್ನು ಕಟ್ಟಿಕೊಂಡರೆ, ಮುಂದೆ ನಾವು ಹುಟ್ಟದೇ ಹೋಗಬಹುದು. ಕಾಗದ ಬರೆಯುವ ಮುಂಚೆ ರತ್ನಿಯನ್ನು ಕೇಳಿದೆ. ಅವಳು ಮೊಣಕಾಲಿನ ಪಟ್ಟಿ ಬಿಚ್ಚುತ್ತಾ, "ಹುಟ್ಟದೇ ಇದ್ರೆ ಸೋಲೋ ತಾಪತ್ರಯನೂ ಇಲ್ವಲ್ಲ ದೊಡ್ಡಮ್ಮ" ಅಂದಳು. ಆಮೇಲೆ ಪಟ್ಟಿ ಸುತ್ತಿಟ್ಟು, "ಬರಿ. ಆ ಯಮ್ಮ ಪೂರ್ತಿ ಒಂದು ಉಸಿರು ಎಳ್ಕೊಳ್ಳಲಿ ಮೊದಲು" ಅಂದಳು.

ಅದಕ್ಕೇ ಬರೆದಿದ್ದೇನೆ. ಇವತ್ತೂ ಅನಿತ ಹಾಸ್ಟೆಲಿನಿಂದ ಕೇಳಿರುತ್ತಾಳೆ, ಅಮ್ಮ ಹೆಂಗಿದೀಯ ಅಂತ. ಫೋನು ಕೈಗೆ ತಗೋ ಅಕ್ಕ. ಕೆಮ್ಮು ಬಂದರೆ ತಡೆಯಬೇಡ. ಅವಳಿಗೆ ನಿಜ ಹೇಳು.

ನಿನ್ನವಳು,
ಬೈಯಮ್ಮ